ಪತ್ತು ಹೋಗದಂತೆ ಮಾತಾಡುವುದು: ನಮ್ಮ ಭಾಗದ ಕಂಪನಿಗಳಿಗೆ ಹೂಡಿಕೆದಾರರ ಸಂವಹನದ ಸಮಗ್ರ ಮಾರ್ಗದರ್ಶಿ

"ಮಿಲ್ಲು ನಮ್ದು, ಸಾಲ ನಮ್ದು, ಬಡ್ಡಿ ಕಟ್ಟೋರು ನಾವು. ನಮ್ ಲೆಕ್ಕ ಊರಿಗೆಲ್ಲ ಯಾಕ್ ಹೇಳ್ಬೇಕ್ರೀ ಸರ?"

ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯಲ್ಲಿರುವ ಒಂದು ರೈಸ್ ಮಿಲ್ಲಿನ ಆಫೀಸಿನಲ್ಲಿ ಅದರ ಮಾಲೀಕರು ಕೇಳಿದ ಪ್ರಶ್ನೆ ಇದು. ಷೇರುಪೇಟೆಯಲ್ಲಿ ಸಣ್ಣ, ಮಧ್ಯಮ ಕಂಪನಿಗಳಿಗಿರುವ ಎಸ್‌ಎಂಇ ವೇದಿಕೆಗೆ ಕಂಪನಿಯನ್ನು ಒಯ್ಯಬೇಕೆಂದು ಅವರ ಮಗ ಹಟ ಹಿಡಿದಿದ್ದ. ನಾನು ಬಳ್ಳಾರಿಯಲ್ಲಿ ಕಂಪನಿ ಸೆಕ್ರೆಟರಿ ಕೆಲಸ ಮಾಡಿಕೊಂಡಿರುವವನು, ಕಾಗದಪತ್ರ ನೋಡಲು ಹೋಗಿದ್ದೆ. "ಸಾವ್ಕಾರ್ರ, ಷೇರು ಮಾರಿದ ಮರುದಿನದಿಂದ ಮಿಲ್ಲು ನಿಮ್ಮೊಬ್ಬರದಲ್ರೀ" ಅಂದೆ. ಅವರಿಗೆ ಅದು ಹಿಡಿಸಲಿಲ್ಲ. ಆಮೇಲೆ ದಲಾಲಿ ಅಂಗಡಿಯ ಮಾತೆತ್ತಿದಾಗ ಮಾತ್ರ ತಲೆಯಾಡಿಸಿದರು.

ನಮ್ಮ ಕಡೆ ವ್ಯಾಪಾರಸ್ಥರ ಬಾಯಲ್ಲಿ 'ಪತ್ತು' ಎಂಬ ಮಾತಿದೆ, ಅಂದರೆ ವ್ಯಾಪಾರದಲ್ಲಿ ಒಬ್ಬನ ಮೇಲಿರುವ ನಂಬಿಕೆ. ಒಬ್ಬನಿಗೆ ಲಾರಿಗಟ್ಟಲೆ ಮಾಲು ಬರೀ ಫೋನಿನ ಮೇಲೆ ಹೋಗುತ್ತದೆ. ಇನ್ನೊಬ್ಬನಿಗೆ ಹತ್ತು ಚೀಲಕ್ಕೂ ಮೊದಲು ರೊಕ್ಕ ಕೇಳುತ್ತಾರೆ. ಇಬ್ಬರ ಆಸ್ತಿಯೂ ಹೆಚ್ಚುಕಡಿಮೆ ಅಷ್ಟೇ ಇರಬಹುದು. "ಈ ಸಲ ಹದಿನೈದು ದಿನ ತಡ ಆಗ್ತದ" ಎಂದು ವಾಯಿದೆಯ ಮುಂಚೆಯೇ ಬಂದು ಹೇಳಿದವನ ಪತ್ತು ಉಳಿಯುತ್ತದೆ. ವಾಯಿದೆ ದಾಟಿದ ಮೇಲೆ ಫೋನ್ ಆಫ್ ಮಾಡಿ ಕೂತವನದು ಹೋಗುತ್ತದೆ. ಷೇರುಪೇಟೆಯಲ್ಲಿ ಇದನ್ನೇ ಹೂಡಿಕೆದಾರರ ಸಂವಹನ ಎಂದು ದೊಡ್ಡ ಹೆಸರಿಟ್ಟು ಕರೆಯುತ್ತಾರೆ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದಕ್ಕೆ ಗಡಿಯಾರ ಕಟ್ಟಿದೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಬರೆದಿರುವುದು ಈಗಾಗಲೇ ಷೇರುಪೇಟೆಗೆ ಹೋಗಿರುವ ಅಥವಾ ಹೊರಟಿರುವ ಸಣ್ಣ, ಮಧ್ಯಮ ಕಂಪನಿಗಳಿಗೆ. ಸಿಂಧನೂರಿನ ಅಕ್ಕಿ, ರಾಯಚೂರಿನ ಹತ್ತಿ, ಬಳ್ಳಾರಿಯ ಜೀನ್ಸ್, ಕೊಪ್ಪಳದ ಸ್ಪಾಂಜ್ ಐರನ್, ಯಾವುದಾದರೂ ಸರಿ. ಇನ್ನೂ ಪಾಲುದಾರಿಕೆಯಲ್ಲೇ ಇರುವವರಿಗೂ ಅರ್ಧ ಉಪಯೋಗಕ್ಕೆ ಬಂದೀತು, ಯಾಕೆಂದರೆ ನಿಮ್ಮ ಮೊದಲ ಹೂಡಿಕೆದಾರ ನಿಮ್ಮ ಬ್ಯಾಂಕ್ ಮ್ಯಾನೇಜರ್.

ಹೆಜ್ಜೆ 1: ಒಂದೇ ಅಂಕಿ, ಒಂದೇ ಬಾಯಿ

ಹೊರಗಿನವರ ಜತೆ ಮಾತಾಡುವ ಮೊದಲು ಮನೆಯೊಳಗಿನ ಮಾತು ಕಟ್ಟಬೇಕು. ಮಾಲೀಕರು ಒಂದು ವಹಿವಾಟು ಹೇಳುತ್ತಾರೆ, ಮಗ ಇನ್ನೊಂದು, ಅಕೌಂಟೆಂಟ್ ಮೂರನೆಯದು. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ನಾಲ್ಕನೆಯದು ಇರುತ್ತದೆ. ಹೂಡಿಕೆದಾರ ಇವನ್ನು ಪಕ್ಕಪಕ್ಕ ಇಟ್ಟು ನೋಡುತ್ತಾನೆ ಎಂಬುದನ್ನು ಮರೆಯಬೇಡಿ. ಯಾರು ಮಾತಾಡಬೇಕು ಎಂದು ಬೋರ್ಡ್ ಸಭೆಯಲ್ಲಿ ಬರೆದು ನಿರ್ಧರಿಸಿ: ಸಾಮಾನ್ಯವಾಗಿ ಎಂ.ಡಿ. ಮತ್ತು ಹಣಕಾಸು ಮುಖ್ಯಸ್ಥರಾದ ಸಿಎಫ್‌ಒ. ಷೇರುದಾರರ ಪತ್ರಗಳಿಗೆ ನಿಯಮಪಾಲನೆ ನೋಡುವ ಕಂಪ್ಲಯನ್ಸ್ ಆಫೀಸರ್ ಆಗಿರುವ ಕಂಪನಿ ಸೆಕ್ರೆಟರಿ. ಉಳಿದವರೆಲ್ಲರಿಗೂ ಒಂದೇ ಉತ್ತರ: "ಆಫೀಸಿಗೆ ಕೇಳಿ."

ನಮ್ಮ ಊರುಗಳಲ್ಲಿ ಕಷ್ಟವಿರುವುದು ಇಲ್ಲೇ. ಫಲಿತಾಂಶ ಚೆನ್ನಾಗಿ ಬಂದಿದೆ ಎಂಬ ಸುದ್ದಿ ಬೋರ್ಡ್ ರೂಮಿನಿಂದ ಅಡುಗೆಮನೆಗೆ, ಅಲ್ಲಿಂದ ಬೀಗರ ಮನೆಗೆ, ಅಲ್ಲಿಂದ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಲು ಒಂದು ಮಧ್ಯಾಹ್ನ ಸಾಕು. ಮದುವೆಯೊಂದರ ಪಂಕ್ತಿಯಲ್ಲಿ ಕೂತಾಗ ಒಂದು ಕಂಪನಿಯ ಇನ್ನೂ ಘೋಷಣೆಯಾಗದ ಲಾಭದ ಅಂಕಿಯನ್ನು ಪಕ್ಕದೆಲೆಯವರ ಬಾಯಿಂದ ನಾನೇ ಕೇಳಿಸಿಕೊಂಡಿದ್ದೇನೆ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಸೆಬಿಯ 2015ರ ಒಳವಹಿವಾಟು ನಿಷೇಧ ನಿಯಮಗಳಲ್ಲಿ ಇದು ನೇರ ಅಪರಾಧ. ಪ್ರಕಟವಾಗದ, ಬೆಲೆ ಏರಿಳಿಸಬಲ್ಲ ಮಾಹಿತಿಯನ್ನು ಕೆಲಸಕ್ಕೆ ಬೇಕಿಲ್ಲದವರಿಗೆ ಹೇಳುವುದೂ ತಪ್ಪು, ಅದನ್ನು ಕೇಳಿ ಷೇರು ಕೊಂಡವನದೂ ತಪ್ಪು. ಮಾಡಬೇಕಾದ್ದು ಮೂರು. ಅಂಥ ಮಾಹಿತಿ ಯಾರ್‍ಯಾರಿಗೆ, ಯಾವ ದಿನ, ಯಾಕೆ ತಿಳಿಯಿತು ಎಂಬುದನ್ನು ಪ್ಯಾನ್ ನಂಬರ್ ಸಮೇತ ತಿದ್ದಲು ಬಾರದ ಡಿಜಿಟಲ್ ದಾಖಲೆಯಲ್ಲಿ ಬರೆಯುತ್ತಾ ಹೋಗಿ. ಎಕ್ಸೆಲ್ ಹಾಳೆ ನಡೆಯುವುದಿಲ್ಲ. ಲೆಕ್ಕದ ಅವಧಿ ಮುಗಿದ ದಿನದಿಂದ ಫಲಿತಾಂಶ ಹೊರಬಿದ್ದ 48 ಗಂಟೆಗಳ ತನಕ ನಿರ್ದೇಶಕರು, ಹುದ್ದೆಯಲ್ಲಿರುವವರು, ಅವರ ಹತ್ತಿರದ ಬಂಧುಗಳು ಕಂಪನಿಯ ಷೇರು ಮುಟ್ಟಬಾರದು. ಷೇರು ವಹಿವಾಟಿನ ಆ ಕಿಟಕಿ (ಟ್ರೇಡಿಂಗ್ ವಿಂಡೊ) ಮುಚ್ಚಿದೆ ಎಂದು ಅವಧಿ ಮುಗಿಯುವ ಮೊದಲೇ ಲಿಖಿತವಾಗಿ ತಿಳಿಸಿ. ಮೂರನೆಯದು ಯಾವ ನಿಯಮದಲ್ಲೂ ಇಲ್ಲ, ನನ್ನ ಅನುಭವದ್ದು: ಮನೆಯ ಹೆಂಗಸರು, ಹುಡುಗರು ಎಲ್ಲರನ್ನೂ ಕೂರಿಸಿ ಒಮ್ಮೆ ಕನ್ನಡದಲ್ಲಿ ಹೇಳಿ. ಇಂಗ್ಲಿಷಿನ ನೀತಿಸಂಹಿತೆಗೆ ಎಲ್ಲರೂ ಸಹಿ ಹಾಕುತ್ತಾರೆ, ಯಾರೂ ಓದುವುದಿಲ್ಲ.

ಹೆಜ್ಜೆ 2: ವ್ಯಾಪಾರ ಯಾವುದರ ಮೇಲೆ ಓಡುತ್ತದೆ ಎಂದು ಎರಡು ಪುಟದಲ್ಲಿ ಬರೆಯಿರಿ

ಹೂಡಿಕೆದಾರರಿಗಾಗಿ ಮಾಡಿಸುವ ಪ್ರೆಸೆಂಟೇಷನ್‌ಗಳಲ್ಲಿ ಮೊದಲ ಹತ್ತು ಪುಟ ಹಂಪಿಯ ಕಲ್ಲಿನ ರಥ, ಸೂರ್ಯೋದಯ, ಕೈಕುಲುಕುವ ಚಿತ್ರ. ಅದನ್ನೆಲ್ಲ ತೆಗೆದುಹಾಕಿ. ಮುಂಬೈಯಲ್ಲಿ ಕೂತು ಓದುವವನಿಗೆ ಬೇಕಿರುವುದು ಮೂರ್‍ನಾಲ್ಕು ಉತ್ತರ: ಎಷ್ಟು ಮಾಲು, ಯಾವ ದರ, ಕಚ್ಚಾ ಮಾಲು ಎಲ್ಲಿಂದ, ರೊಕ್ಕ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ.

ಒಂದು ಕಾಲ್ಪನಿಕ ಮಿಲ್ಲನ್ನು ತೆಗೆದುಕೊಳ್ಳೋಣ. ಹೋದ ವರ್ಷ 30,000 ಟನ್ ಅಕ್ಕಿಯನ್ನು ಟನ್ನಿಗೆ 40,000 ರೂಪಾಯಿಯಂತೆ ಮಾರಿತು: 120 ಕೋಟಿ. ಈ ವರ್ಷ 28,750 ಟನ್ನನ್ನು 48,000 ರೂಪಾಯಿಯಂತೆ ಮಾರಿತು: 138 ಕೋಟಿ. "ವಹಿವಾಟು ಶೇ 15ರಷ್ಟು ಏರಿಕೆ" ಎಂದು ಪ್ರಕಟಣೆ ಕೊಟ್ಟರೆ ಸುಳ್ಳಲ್ಲ. ಆದರೆ ಹೋದದ್ದು ಕಡಿಮೆ ಮಾಲು, ಏರಿದ್ದು ಬರೀ ದರ. ಮುಂದಿನ ವರ್ಷ ದರ ಇಳಿದಾಗ ಅದೇ ಹೂಡಿಕೆದಾರ ಬೆನ್ನು ಬಿದ್ದು ಕೇಳುತ್ತಾನೆ, ಆಗ "ಟನ್ ಲೆಕ್ಕ ಆಗಲೇ ಕಡಿಮೆ ಇತ್ತು" ಎಂದರೆ ಕಣ್ಣಿಗೆ ಮಣ್ಣೆರಚಿದಿರಿ ಎಂದೇ ಅವನು ತಿಳಿಯುವುದು. ಆದ್ದರಿಂದ ಮೊದಲ ಸಾಲಿನಲ್ಲೇ ಬರೆಯಿರಿ: "ಮಾರಾಟದ ಪ್ರಮಾಣ ಶೇ 4ರಷ್ಟು ಇಳಿದಿದೆ, ದರ ಶೇ 20ರಷ್ಟು ಏರಿದ್ದರಿಂದ ವಹಿವಾಟು ಶೇ 15ರಷ್ಟು ಹೆಚ್ಚಿದೆ."

ಅದೇ ಮಿಲ್ಲಿಗೆ ಹೋದ ವರ್ಷದ ಕೊನೆಗೆ ಗಿರಾಕಿಗಳಿಂದ ಬರಬೇಕಿದ್ದ ಉದ್ರಿ 20 ಕೋಟಿ, ಈ ವರ್ಷ 34 ಕೋಟಿ. ದಿನಕ್ಕೆ ತಿರುಗಿಸಿದರೆ 61 ದಿನದ ಉದ್ರಿ 90 ದಿನಕ್ಕೆ ಹೋಗಿದೆ. ವಹಿವಾಟು ಏರಿದ್ದು ಪುಸ್ತಕದಲ್ಲಿ, ರೊಕ್ಕ ಇರುವುದು ಚೆನ್ನೈಯ ಸಗಟು ವ್ಯಾಪಾರಿಯ ಬಳಿ. ಬಲ್ಲ ಹೂಡಿಕೆದಾರ ಲಾಭ-ನಷ್ಟದ ಪಟ್ಟಿಗಿಂತ ಮೊದಲು ನಗದು ಹರಿವಿನ ಪಟ್ಟಿಯನ್ನು ನೋಡುವುದು ಇದಕ್ಕೇ. ಉದ್ರಿ ಯಾಕೆ ಬೆಳೆಯಿತು, ಅದರಲ್ಲಿ ಆರು ತಿಂಗಳು ಮೀರಿದ್ದೆಷ್ಟು, ಫಲಿತಾಂಶದ ದಿನದೊಳಗೆ ಎಷ್ಟು ವಸೂಲಾಯಿತು, ಈ ಮೂರನ್ನು ಅವನು ಕೇಳುವ ಮೊದಲು ಹೇಳಿ.

ಮಾದರಿ ಬೇಕಾದರೆ ದೂರ ಹೋಗಬೇಕಿಲ್ಲ. ತೋರಣಗಲ್ಲಿನಲ್ಲಿ ದೊಡ್ಡ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯು ಸ್ಟೀಲ್ ತಿಂಗಳು ತಿಂಗಳು ಎಷ್ಟು ಕಚ್ಚಾ ಉಕ್ಕು ತಯಾರಿಸಿತು ಎಂಬ ಅಂಕಿಯನ್ನು ಷೇರುಪೇಟೆಗೆ ಕೊಡುತ್ತದೆ. ಸಂಡೂರು ತಾಲ್ಲೂಕಿನ ದೋಣಿಮಲೈ ಗಣಿ ನಡೆಸುವ ಎನ್‌ಎಂಡಿಸಿ ಅದಿರಿನ ದರ ಬದಲಾಯಿಸಿದಾಗಲೆಲ್ಲ ಪೇಟೆಗೆ ತಿಳಿಸುತ್ತದೆ. ಆ ಕಂಪನಿಗಳ ಷೇರು ಕೊಳ್ಳಬೇಕೋ ಬಿಡಬೇಕೋ ಎಂಬುದು ಬೇರೆ ವಿಚಾರ. ಫಲಿತಾಂಶ ಬರುವ ಹೊತ್ತಿಗೆ ಓದುಗನ ಕೈಯಲ್ಲಿ ಅರ್ಧ ಲೆಕ್ಕ ಆಗಲೇ ಇರುತ್ತದೆ, ಬೆಚ್ಚಿಬೀಳುವುದು ಕಡಿಮೆ. ನೀವು ತಿಂಗಳಿಗೊಮ್ಮೆ ಕೊಡಲಾಗದಿದ್ದರೆ ಆರು ತಿಂಗಳಿಗೊಮ್ಮೆ ಕೊಡಿ. ಆದರೆ ಒಮ್ಮೆ ಶುರುಮಾಡಿದ ಅಂಕಿಯನ್ನು ಅದು ಕೆಟ್ಟದಾಗಿ ಕಂಡ ತಿಂಗಳು ನಿಲ್ಲಿಸಬೇಡಿ. ನಿಲ್ಲಿಸಿದ್ದೇ ಸುದ್ದಿಯಾಗುತ್ತದೆ.

ಹೆಜ್ಜೆ 3: ಗಡಿಯಾರ

ಸೆಬಿಯ 2015ರ ಲಿಸ್ಟಿಂಗ್ ನಿಯಮಗಳು, ಬಾಯಿಮಾತಿನಲ್ಲಿ ಎಲ್‌ಒಡಿಆರ್, ಇದಕ್ಕೆ ಆಧಾರ. ಮುಖ್ಯ ವೇದಿಕೆಯ ಕಂಪನಿಗಳು ಪ್ರತಿ ತ್ರೈಮಾಸಿಕ ಮುಗಿದ 45 ದಿನದೊಳಗೆ, ವರ್ಷದ ಲೆಕ್ಕವನ್ನು 60 ದಿನದೊಳಗೆ ಕೊಡಬೇಕು. ಎಸ್‌ಎಂಇ ವೇದಿಕೆಯಲ್ಲಿ ಆರು ತಿಂಗಳಿಗೊಮ್ಮೆ. ನನ್ನ ಸಲಹೆ: 45ನೇ ದಿನಕ್ಕೆ ಕಾಯಬೇಡಿ. ಪ್ರತಿ ಸಲ ಕೊನೆಯ ದಿನ ರಾತ್ರಿ ಫಲಿತಾಂಶ ಹಾಕುವ ಕಂಪನಿಯ ಬಗ್ಗೆ ಪೇಟೆ ಒಂದೇ ಮಾತು ಹೇಳುತ್ತದೆ: ಅಲ್ಲಿ ಏನೋ ತೇಪೆ ಹಾಕುತ್ತಿದ್ದಾರೆ.

ಬೋರ್ಡ್ ಸಭೆಯ ತೀರ್ಮಾನಗಳು ಸಭೆ ಮುಗಿದ 30 ನಿಮಿಷದಲ್ಲಿ ಪೇಟೆಗೆ ಹೋಗಬೇಕು. ವಹಿವಾಟಿನ ಹೊತ್ತು ಮುಗಿದ ಮೇಲೆ ಸಭೆ ಮುಗಿದರೆ 3 ಗಂಟೆ ಸಿಗುತ್ತದೆ. ಕಂಪನಿಯೊಳಗೇ ಹುಟ್ಟಿದ ಘಟನೆಗೆ 12 ಗಂಟೆ, ಹೊರಗಿನಿಂದ ಬಂದದ್ದಕ್ಕೆ 24 ಗಂಟೆ. ಆಡಿಟರ್ ರಾಜೀನಾಮೆ ಕೊಟ್ಟರೆ ಅವರು ಕೊಟ್ಟ ಕಾರಣವನ್ನೂ ಸೇರಿಸಿ ತಿಳಿಸಬೇಕು. "ವೈಯಕ್ತಿಕ ಕಾರಣ" ಎಂದು ಬರೆಸಿಕೊಂಡರೆ ಯಾರೂ ನಂಬುವುದಿಲ್ಲ. ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಪ್ರತಿ ಏಪ್ರಿಲ್‌ನಲ್ಲಿ ನಿಮ್ಮ ಸೆಕ್ರೆಟರಿಯಿಂದ ಹೊಸ ಪಟ್ಟಿ ಮಾಡಿಸಿ ಗೋಡೆಗೆ ಅಂಟಿಸಿ, ಕ್ಯಾಲೆಂಡರಿನ ಪಕ್ಕ.

ಯಾವ ಘಟನೆ ತಿಳಿಸುವಷ್ಟು ದೊಡ್ಡದು? ಕೆಲವನ್ನು ಮೊತ್ತ ನೋಡದೆ ತಿಳಿಸಲೇಬೇಕು. ಉಳಿದವಕ್ಕೆ ಒಂದು ಅಳತೆಗೋಲಿದೆ: ವಹಿವಾಟಿನ ಶೇ 2, ನಿವ್ವಳ ಸಂಪತ್ತಿನ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದರ) ಶೇ 2, ಮೂರು ವರ್ಷದ ಸರಾಸರಿ ಲಾಭ ಅಥವಾ ನಷ್ಟದ ಶೇ 5, ಈ ಮೂರರಲ್ಲಿ ಯಾವುದು ಕಡಿಮೆಯೋ ಅದು. ನಮ್ಮ ಕಾಲ್ಪನಿಕ ಮಿಲ್ಲಿಗೇ ಹಾಕಿ ನೋಡಿ. 138 ಕೋಟಿಯ ಶೇ 2 ಅಂದರೆ 2.76 ಕೋಟಿ. ನಿವ್ವಳ ಸಂಪತ್ತು 40 ಕೋಟಿ ಇದ್ದರೆ 80 ಲಕ್ಷ. ಸರಾಸರಿ ಲಾಭ 4 ಕೋಟಿ ಇದ್ದರೆ ಶೇ 5 ಅಂದರೆ 20 ಲಕ್ಷ. ಲೆಕ್ಕಕ್ಕೆ ನಿಲ್ಲುವುದು ಆ 20 ಲಕ್ಷವೇ. ತೆಳು ಲಾಭದ ಅಕ್ಕಿ, ಹತ್ತಿ ವ್ಯಾಪಾರಕ್ಕೆ ಈ ಗೆರೆ ಇಷ್ಟು ಕೆಳಗೆ ಬರುತ್ತದೆ ಎಂಬುದು ಬಹಳ ಮಾಲೀಕರಿಗೆ ಗೊತ್ತಿರುವುದಿಲ್ಲ. ಗೋದಾಮಿನಲ್ಲಿ ಒಂದು ಸಣ್ಣ ಬೆಂಕಿ, ಒಂದು ತೆರಿಗೆ ನೋಟಿಸು, 20 ಲಕ್ಷ ದಾಟಲು ಎಷ್ಟು ಹೊತ್ತು?

ಹೆಜ್ಜೆ 4: ಕೆಟ್ಟ ಸುದ್ದಿಯನ್ನು ನೀವೇ ಮೊದಲು ಹೇಳುವುದು

ಉಳಿದದ್ದನ್ನೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಪ್ರತಿ ಮನೆಯ ಮೊಬೈಲಿನಲ್ಲಿ ಆ ನೀರು ಹರಿಯುತ್ತಿತ್ತು. ಈ ನೀರನ್ನು ನಂಬಿದ ಭತ್ತ, ಆ ಭತ್ತವನ್ನು ನಂಬಿದ ಮಿಲ್ಲು, ಆ ಮಿಲ್ಲಿನ ಷೇರು. ಸೋಮವಾರ ಪೇಟೆ ತೆರೆಯುವ ಹೊತ್ತಿಗೆ ನೀವು ಸುಮ್ಮನಿದ್ದರೆ ನಿಮ್ಮ ಕಥೆಯನ್ನು ಬೇರೆ ಯಾರೋ ಹೇಳುತ್ತಾರೆ. ಹೀಗೆ ಹೊರಗೆ ನಡೆದ ಘಟನೆಯನ್ನು ತಿಳಿಸುವುದು ಕಡ್ಡಾಯವೇ ಎಂದು ವಕೀಲರು ವಾದ ಮಾಡಬಹುದು. ಅಂಥ ಕಂಪನಿ ನನ್ನ ಕೈಯಲ್ಲಿದ್ದಿದ್ದರೆ ಹೀಗೊಂದು ಪತ್ರ ಕಳಿಸುತ್ತಿದ್ದೆ:

"ನಮ್ಮ ಭತ್ತ ಖರೀದಿಯ ಸುಮಾರು ಶೇ 70 ತುಂಗಭದ್ರಾ ಎಡದಂಡೆ ಕಾಲುವೆಯ ಪ್ರದೇಶದಿಂದ ಬರುತ್ತದೆ. ಜಲಾಶಯದ ಘಟನೆಯಿಂದ ನಮ್ಮ ಮಿಲ್ಲಿಗೆ, ಗೋದಾಮಿಗೆ ಹಾನಿಯಾಗಿಲ್ಲ. ಈಗಿರುವ ಭತ್ತದ ದಾಸ್ತಾನು ಸುಮಾರು 50 ದಿನದ ಮಿಲ್ಲಿಂಗ್‌ಗೆ ಸಾಕು. ಮುಂಗಾರು ಬೆಳೆಯ ಮೇಲಿನ ಪರಿಣಾಮ ಈಗ ಅಂದಾಜಿಗೆ ಸಿಗುತ್ತಿಲ್ಲ. ಗೇಟಿನ ಕೆಲಸ ಮುಗಿದು ಕಾಲುವೆ ನೀರಿನ ನಿರ್ಧಾರ ಹೊರಬಿದ್ದ ಕೂಡಲೇ ಮತ್ತೆ ತಿಳಿಸುತ್ತೇವೆ."

ಇದರಲ್ಲಿ ಏನಿದೆ ನೋಡಿ. ನಮಗೆ ಇದು ಎಷ್ಟು ತಾಗುತ್ತದೆ, ಏನು ಸುರಕ್ಷಿತ, ಎಷ್ಟು ದಿನ ಉಸಿರಾಡಬಹುದು, ಏನು ಇನ್ನೂ ತಿಳಿದಿಲ್ಲ, ಮತ್ತೆ ಯಾವಾಗ ಬರುತ್ತೇವೆ. "ಕಂಪನಿ ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದೆ" ಎಂಬ ಸವಕಲು ಸಾಲು ಇಲ್ಲ. ಬೆಳೆ ಹಾಳಾಗುತ್ತದೆ ಎಂಬ ಗೋಳೂ ಇಲ್ಲ, ಎಲ್ಲ ಸರಿಹೋಗುತ್ತದೆ ಎಂಬ ಬುರುಡೆಯೂ ಇಲ್ಲ. ಒಂದು ವಾರದಲ್ಲಿ ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಸ್ಟಾಪ್‌ಲಾಗ್ ಕೂತಿತು, ಮುಂದೆ ಮಳೆ ಬಂದು ನೀರು ಮತ್ತೆ ನಿಂತಿತು. ಮೊದಲ ದಿನವೇ ಎದೆ ಬಡಿದುಕೊಂಡವರೂ, ಏನೂ ಆಗಿಲ್ಲ ಎಂದವರೂ ಇಬ್ಬರೂ ಪೇಚಿಗೆ ಸಿಕ್ಕುವಂಥ ಘಟನೆ ಅದು. ಮತ್ತೆ ತಿಳಿಸುತ್ತೇವೆ ಎಂದ ಮೇಲೆ ಎರಡನೆಯ ಪತ್ರ ಹೋಗಲೇಬೇಕು. ಬಹಳ ಕಂಪನಿಗಳು ಸೋಲುವುದು ಆ ಎರಡನೆಯ ಪತ್ರದಲ್ಲಿ.

ಇನ್ನೊಂದು ಥರದ ಕೆಟ್ಟ ಸುದ್ದಿ ಕಾನೂನಿನಿಂದ ಬರುತ್ತದೆ. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿ, ಉತ್ಪಾದನೆಗೆ ಮಿತಿ ಹಾಕಿ ದಾರಿ ಬಿಟ್ಟಿತು. ಸ್ವಂತ ಗಣಿ ಇಲ್ಲದೆ ಅದಿರನ್ನೇ ನಂಬಿ ಕುಲುಮೆ ಹಚ್ಚಿದ್ದವರೂ ಕಷ್ಟಕ್ಕೆ ಸಿಕ್ಕಿದರು. ಹಾಗಾಗಿ ನಿಮ್ಮ ವಾರ್ಷಿಕ ವರದಿಯ 'ಅಪಾಯಗಳು' ವಿಭಾಗದಲ್ಲಿ ಜಾಗತಿಕ ಆರ್ಥಿಕತೆ, ಸೈಬರ್ ದಾಳಿ ಎಂದು ಬೇರೆಯವರಿಂದ ನಕಲು ಹೊಡೆಯುವ ಬದಲು ಅದಿರು ಯಾವ ಗಣಿಯಿಂದ, ಲೀಸ್ ಎಲ್ಲಿಯವರೆಗೆ, ಪರಿಸರ ಅನುಮತಿಯ ಸ್ಥಿತಿ ಏನು, ಊರವರ ತಕರಾರು ಏನು ಎಂದು ಬರೆಯಿರಿ. ಕೊಪ್ಪಳದಲ್ಲಿ ಉಕ್ಕಿನ ಕಾರ್ಖಾನೆ ಬೇಡವೆಂದು 2025ರಲ್ಲಿ ಜನ ಬೀದಿಗಿಳಿದದ್ದನ್ನು ಎಲ್ಲರೂ ನೋಡಿದ್ದಾರೆ. ಹೊಗೆ, ಧೂಳು, ನೀರು ಇವು ಈಗ ಬರೀ ಪಂಚಾಯಿತಿಯ ತಂಟೆಯಾಗಿ ಉಳಿದಿಲ್ಲ, ಹೂಡಿಕೆದಾರನ ಪ್ರಶ್ನೆಯೂ ಆಗಿವೆ.

ಹೆಜ್ಜೆ 5: ಕಾನ್‌ಕಾಲ್

ಫಲಿತಾಂಶದ ನಂತರ ಅನಲಿಸ್ಟ್‌ಗಳ (ಕಂಪನಿಗಳ ಲೆಕ್ಕ ಅಳೆದು ನೋಡುವವರ) ಜತೆ ಫೋನಿನಲ್ಲೋ ವಿಡಿಯೊದಲ್ಲೋ ನಡೆಸುವ ಗುಂಪು ಮಾತುಕತೆ ಇದು. ಕನಿಷ್ಠ ಎರಡು ಕೆಲಸದ ದಿನ ಮುಂಚೆ ವೇಳಾಪಟ್ಟಿಯನ್ನು ಪೇಟೆಗೆ ಕೊಡಬೇಕು. ಧ್ವನಿಮುದ್ರಣ ಮುಂದಿನ ವಹಿವಾಟಿನ ದಿನದೊಳಗೆ ಅಥವಾ 24 ಗಂಟೆಯೊಳಗೆ, ಯಾವುದು ಮೊದಲೋ ಆ ಹೊತ್ತಿಗೆ ಹಾಕಬೇಕು. ಅಕ್ಷರರೂಪ ಐದು ಕೆಲಸದ ದಿನದಲ್ಲಿ. ಪ್ರೆಸೆಂಟೇಷನ್ ಮೊದಲು ಪೇಟೆಗೆ, ಆಮೇಲೆ ಅತಿಥಿಗಳಿಗೆ.

ಹಿಂದಿನ ದಿನ ಇಪ್ಪತ್ತು ಕಷ್ಟದ ಪ್ರಶ್ನೆ ಬರೆದು ತಾಲೀಮು ಮಾಡಿ. ಕೇಳುವ ಪಾತ್ರ ಆಡಿಟರ್‌ಗೆ ಕೊಡಿ, ಕರುಣೆ ತೋರಿಸಬೇಡಿ ಅನ್ನಿ. ಮಾಲೀಕರ ಇಂಗ್ಲಿಷ್ ಸರಾಗ ಇಲ್ಲ ಎಂಬುದು ದೊಡ್ಡ ಮಾತೇ ಅಲ್ಲ. ಹಿಂದಿ, ಕನ್ನಡ ಬೆರೆಸಿ ಉತ್ತರ ಕೊಡುವ ಪ್ರವರ್ತಕರನ್ನು, ಅಂದರೆ ಕಂಪನಿ ಕಟ್ಟಿದ ಮಾಲೀಕರನ್ನು, ಕೇಳಿದ್ದೇನೆ. ಹತ್ತಿ ಗ್ರೇಡ್ ಬಗ್ಗೆ, ಭತ್ತದ ತೇವಾಂಶದ ಬಗ್ಗೆ ಅವರು ಹೇಳಿದ ಎರಡು ಮಾತಿನಲ್ಲಿ ಇದ್ದ ಹಿಡಿತ ಬಾಡಿಗೆ ಸಲಹೆಗಾರರ ಅರ್ಧ ಗಂಟೆಯಲ್ಲಿ ಇರಲಿಲ್ಲ.

ಗೊತ್ತಿಲ್ಲದ್ದಕ್ಕೆ "ಲೆಕ್ಕ ನೋಡಿ ಎಲ್ಲರಿಗೂ ಪೇಟೆಯ ಮೂಲಕ ತಿಳಿಸುತ್ತೇವೆ" ಅನ್ನಿ. ಕೇಳಿದವನೊಬ್ಬನಿಗೆ ಆಮೇಲೆ ಫೋನ್ ಮಾಡಿ ಹೇಳುವ ದಾಕ್ಷಿಣ್ಯ ಬೇಡ, ಅದು ಹೆಜ್ಜೆ 1ರ ತಪ್ಪಿಗೇ ತಿರುಗುತ್ತದೆ. ಹಾಗೆಯೇ, ಒರಟಾಗಿ ಕೇಳಿದವನ ಲೈನ್ ಕತ್ತರಿಸಬೇಡಿ. ಧ್ವನಿಮುದ್ರಣದಲ್ಲಿ ಆ ಮೌನ ಉಳಿಯುತ್ತದೆ.

ಹೆಜ್ಜೆ 6: ಮುಂದಿನ ವರ್ಷದ ಮಾತು

"ಮೂರು ವರ್ಷದಲ್ಲಿ ಸಾವಿರ ಕೋಟಿ" ಎಂದು ಹೇಳಿಬಿಡುವ ಚಪಲ ಲಿಸ್ಟಿಂಗ್ ಗಂಟೆ ಬಾರಿಸಿದ ದಿನವೇ ಶುರುವಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೇಳಲೇಬೇಕೆಂದರೆ ವ್ಯಾಪ್ತಿಯಲ್ಲಿ ಹೇಳಿ, ಯಾವ ಊಹೆಯ ಮೇಲೆ ಎಂದೂ ಹೇಳಿ: ಮಳೆ, ದರ, ಹೊಸ ಯಂತ್ರ ಬರುವ ತಿಂಗಳು.

1993ರಲ್ಲಿ ಪೇಟೆಗೆ ಬಂದ ಇನ್ಫೊಸಿಸ್ ನಮ್ಮ ರಾಜ್ಯದ ಕಂಪನಿ, ಮುನ್ನಂದಾಜು ಕೊಡುವುದರಲ್ಲಿ ಹೆಸರಾದದ್ದು. 2003ರ ಏಪ್ರಿಲ್ 10ರಂದು ಅದು ಪೇಟೆಯ ನಿರೀಕ್ಷೆಗಿಂತ ಕಡಿಮೆ ಬೆಳವಣಿಗೆಯ ಅಂದಾಜು ಕೊಟ್ಟಿತು; ಒಂದೇ ದಿನ ಷೇರು ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಅಂದಾಜು ಕೊಡುವುದನ್ನು ಅದು ಬಿಡಲಿಲ್ಲ. ಆ ದಿನದ ಪೆಟ್ಟು ತಿಂದು, ಹೇಳಿದಷ್ಟನ್ನು ಮಾಡಿ ತೋರಿಸುತ್ತಾ ಹೋದದ್ದರಿಂದಲೇ ಮುಂದಿನ ಅಂದಾಜುಗಳಿಗೆ ತೂಕ ಬಂತು ಎಂದು ನನ್ನ ಲೆಕ್ಕ.

ಸಣ್ಣ ಕಂಪನಿ ಮಾಡಬಹುದಾದ ಸುಲಭ ಕೆಲಸವೊಂದಿದೆ, ಆದರೂ ಮಾಡುವವರು ಕಡಿಮೆ. ಪ್ರತಿ ಪ್ರೆಸೆಂಟೇಷನ್ನಿನ ಎರಡನೆಯ ಪುಟದಲ್ಲಿ ಎರಡು ಅಂಕಣ ಹಾಕಿ: ಹೋದ ಸಲ ಏನು ಹೇಳಿದ್ದೆವು, ಈಗ ಏನಾಗಿದೆ. ಆಗದೇ ಇದ್ದದ್ದನ್ನು ಮೇಲೆ ಬರೆಯಿರಿ.

ಹೆಜ್ಜೆ 7: ಅನುಮಾನ ಹುಟ್ಟುವ ಮೂರು ಮೂಲೆ

ಮೊದಲನೆಯದು, ಷೇರು ಮಾರಿ ಎತ್ತಿದ ಹಣ ಎಲ್ಲಿ ಹೋಯಿತು. ಅಕ್ಕಿ ಆರಿಸುವ ಸೋರ್ಟೆಕ್ಸ್ ಯಂತ್ರಕ್ಕೆಂದು ಎತ್ತಿದ ದುಡ್ಡಿನಲ್ಲಿ ಬೈಪಾಸ್ ಪಕ್ಕದಲ್ಲಿ ಜಮೀನು ಕೊಂಡರೆ ಊರಿಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ಪೇಟೆಗೆ. ಹೇಳಿದ್ದಕ್ಕೂ ಖರ್ಚಾದದ್ದಕ್ಕೂ ಇರುವ ವ್ಯತ್ಯಾಸವನ್ನು ನಿಯಮದಂತೆ ಸಲ್ಲಿಸುವುದು ಇದ್ದೇ ಇದೆ. ಜತೆಗೆ ಯಂತ್ರದ ಫೋಟೊ, ಬಂದ ತಾರೀಕು, ಶುರುವಾದ ತಾರೀಕು ಹಾಕಿ. ಎಸ್‌ಎಂಇ ಕಂಪನಿಗಳು ಪ್ರವರ್ತಕರ ಸಾಲ ತೀರಿಸಲು ಷೇರು ಹಣ ಎತ್ತುವಂತಿಲ್ಲ ಎಂದು 2025ರಲ್ಲಿ ಬಿಗಿ ಮಾಡಿದ್ದು ಸುಮ್ಮನೆ ಅಲ್ಲ.

ಎರಡನೆಯದು, ಮನೆಯವರ ಜತೆಗಿನ ವ್ಯವಹಾರ. ತಮ್ಮನ ಲಾರಿ, ಅಳಿಯನ ಗೋದಾಮು, ಹೆಂಡತಿಯ ಹೆಸರಿನ ದಲಾಲಿ ಅಂಗಡಿ: ನಮ್ಮ ಭಾಗದಲ್ಲಿ ವ್ಯಾಪಾರ ಬೆಳೆದಿರುವುದೇ ಹೀಗೆ, ಅದರಲ್ಲಿ ನಾಚಿಕೆಪಡುವುದೇನಿಲ್ಲ. ಮುಚ್ಚಿಟ್ಟರೆ ಮಾತ್ರ ವಾಸನೆ. ಬಾಡಿಗೆ ಎಷ್ಟು, ಹೊರಗಿನವರಾದರೆ ಎಷ್ಟಾಗುತ್ತಿತ್ತು ಎಂದು ಪಕ್ಕಪಕ್ಕ ಬರೆಯಿರಿ. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ತನ್ನ ಪ್ರವರ್ತಕ ಕುಟುಂಬದ ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರ್ ಕೊಟ್ಟು ಕೊಳ್ಳುತ್ತೇವೆ ಎಂದಿತು. ಹೂಡಿಕೆದಾರರು ರೊಚ್ಚಿಗೆದ್ದದ್ದರಿಂದ ಗಂಟೆಗಳಲ್ಲೇ ಹಿಂದೆ ಸರಿಯಿತು. ಮೂರು ವಾರದ ನಂತರ, 2009ರ ಜನವರಿ 7ರಂದು, ಪುಸ್ತಕದಲ್ಲಿ ತೋರಿಸಿದ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅದರ ಅಧ್ಯಕ್ಷರೇ ಬರೆದುಕೊಟ್ಟರು. ಹಿಂದಿನ ವರ್ಷ ಅದೇ ಕಂಪನಿಗೆ ಉತ್ತಮ ಆಡಳಿತದ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. ಆಫೀಸಿನ ಷೋಕೇಸಿಗೆ ಫಲಕ ಕೊಳ್ಳುವ ಮುನ್ನ ಒಮ್ಮೆ ಯೋಚಿಸಿ. ಹಣ ಕೊಟ್ಟರೆ ಪ್ರಶಸ್ತಿ ಕೊಡುವವರ ಫೋನು ನಿಮಗೂ ಬರುತ್ತದೆ.

ಮೂರನೆಯದು, ಪ್ರವರ್ತಕರು ಅಡವಿಟ್ಟ ಷೇರು. ಇಟ್ಟದ್ದನ್ನೂ ಬಿಡಿಸಿಕೊಂಡದ್ದನ್ನೂ ತಿಳಿಸಿ, ಯಾಕೆ ಇಟ್ಟಿರಿ ಎಂದೂ ಒಂದು ಸಾಲು ಸೇರಿಸಿ.

ಇವುಗಳ ಜತೆ ಇನ್ನೊಂದು ಪಿಡುಗು. "ನಿಮ್ಮ ಷೇರನ್ನು ಟೆಲಿಗ್ರಾಂನಲ್ಲಿ, ಯೂಟ್ಯೂಬಿನಲ್ಲಿ ಎತ್ತಿಕೊಡ್ತೀವಿ" ಎಂದು ಬರುವವರು. ಬಾಗಿಲಲ್ಲೇ ಕಳಿಸಿ. ಬಂದ ಪ್ರತಿ ಗಾಳಿಸುದ್ದಿಗೂ ಉತ್ತರ ಕೊಡುತ್ತಾ ಕೂರುವುದೂ ಬೇಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಆಗುತ್ತದೆ. ಆದರೆ ಷೇರುಪೇಟೆ ಲಿಖಿತವಾಗಿ ಸ್ಪಷ್ಟನೆ ಕೇಳಿದರೆ ಅದೇ ದಿನ, ಹೌದು ಅಥವಾ ಅಲ್ಲ ಎಂದು ಉತ್ತರಿಸಿ.

ಹೆಜ್ಜೆ 8: ನೂರು ಷೇರಿನ ಷೇರುದಾರ

ಮುಖ್ಯ ವೇದಿಕೆಯ ಕಂಪನಿ ಫಲಿತಾಂಶದ ಜಾಹೀರಾತನ್ನು ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು. ನಮಗೆ ಅದು ಕನ್ನಡ. ಆ ಜಾಹೀರಾತುಗಳ ಕನ್ನಡವನ್ನು ಓದಿದ್ದೀರಾ? ಯಾವುದೋ ಏಜೆನ್ಸಿ ಯಂತ್ರಕ್ಕೆ ಹಾಕಿ ತೆಗೆದದ್ದು. "ಷೇರಿಗೆ ಗಳಿಕೆ" ಎನ್ನುವ ಜಾಗದಲ್ಲಿ ಬಾಯಿಗೆ ಬಾರದ ಪದ. ಅಲ್ಲೇ ಶುರುಮಾಡಿ. ವಾರ್ಷಿಕ ವರದಿಯ ಜತೆ ನಾಲ್ಕು ಪುಟದ ಕನ್ನಡ ಸಾರ ಕೊಡಿ. ಖರ್ಚು ಏನೂ ಅಲ್ಲ.

ವಾರ್ಷಿಕ ಸಭೆಯನ್ನು ಹಣಕಾಸು ವರ್ಷ ಮುಗಿದ ಆರು ತಿಂಗಳೊಳಗೆ, 21 ದಿನದ ನೋಟಿಸು ಕೊಟ್ಟು ಮಾಡಬೇಕು. ಆನ್‌ಲೈನ್‌ನಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಸುವ ಚಾಳಿ ಹಬ್ಬಿದೆ. ಸಾಧ್ಯವಾದರೆ ಮಿಲ್ಲಿನ ಅಂಗಳದಲ್ಲೇ ಮಾಡಿ, ಯಂತ್ರ ತೋರಿಸಿ, ಮಿರ್ಚಿ-ಮಂಡಕ್ಕಿ ಕೊಡಿ. ಇಲ್ಲಿ ಕೊನೆಯ ಸಾಲಿನಲ್ಲಿ ಕೂತಿರುವ ನಿವೃತ್ತ ಮೇಷ್ಟ್ರು ಕೇಳುವ ಪ್ರಶ್ನೆಗೆ ಅನಲಿಸ್ಟ್‌ಗಳೂ ಬೆವರುತ್ತಾರೆ.

ಡಿವಿಡೆಂಡ್ ಘೋಷಿಸಿದ 30 ದಿನದಲ್ಲಿ ಪಾವತಿ ಆಗಬೇಕು. ಏಳು ವರ್ಷ ಯಾರೂ ಪಡೆಯದಿದ್ದರೆ ಹಣ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ. ಅಲ್ಲಿಂದ ವಾಪಸ್ ತರುವುದು ವಯಸ್ಸಾದವರಿಗೆ ನರಕಯಾತನೆ. ಹೋಗುವ ಮೊದಲೇ ಒಂದು ಫೋನ್ ಮಾಡಿಸಿ.

ದೂರು ಬಂದರೆ? ಷೇರುದಾರ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ಹಾಕಿದ ಮೇಲೆ ನಿಮಗಿರುವುದು 21 ದಿನ. ಅಲ್ಲಿಗೆ ಹೋಗುವ ಮುನ್ನ ಅವನು ನಿಮಗೆ ಎರಡು ಮೇಲ್ ಹಾಕಿರುತ್ತಾನೆ, ಮೂರು ಸಲ ಫೋನ್ ಮಾಡಿರುತ್ತಾನೆ. ಹಾಗಾಗಿ ಮೊದಲ ಮೇಲ್ ಬಂದ ದಿನವೇ ಒಂದು ರಿಜಿಸ್ಟರಿನಲ್ಲಿ ಬರೆಯಿರಿ: ಹೆಸರು, ಏನು ಕೇಳಿದರು, ಯಾರು ಉತ್ತರಿಸಿದರು, ಯಾವ ದಿನ. ಕಾರಟಗಿ ರಸ್ತೆಯ ಸಾವ್ಕಾರ್ರು ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಖಾತೆ ಪುಸ್ತಕವನ್ನೇ ಅದಕ್ಕೆ ತರಿಸಿದ್ದಾರೆ. ಎಡಗಡೆ ದೂರು, ಬಲಗಡೆ ಉತ್ತರ. ಸಂಜೆ ರೋಕಡ್ ಮುಗಿಸುವಾಗ ಬಲಗಡೆ ಖಾಲಿ ಇರುವ ಸಾಲಿನ ಮೇಲೆ ಬೆರಳಿಟ್ಟು ಮಗನನ್ನು ಕರೆಯುತ್ತಾರೆ.